ಡಿಕ್ಕಿಯಕ್ಕ

ಕಚೇರಿಗೆ ಹೊಸ ಕಾರು ಬಂದ ದಿನ ಯಾರೂ ಕುರ್ಚಿಗೆ ಅಂಟಿ ಕೂರುತ್ತಿರಲಿಲ್ಲ. ಅದು ಕಾರುಗಳ ಬಗ್ಗೆಯೇ ಬರೆಯುವ ಮಾಸಪತ್ರಿಕೆ. ಹೊಸ ಗಾಡಿಯನ್ನು ಮಾರುಕಟ್ಟೆಗೆ ಬಿಡುವ ಮುಂಚೆ ಕಂಪನಿಗಳು ಕೆಲವು ದಿನದ ಮಟ್ಟಿಗೆ ಇವರಿಗೆ ಕಳಿಸಿಕೊಡುತ್ತಿದ್ದವು. ಇವರು ಅದನ್ನು ಓಡಿಸಿ, ಅಳೆದು, ತೂಗಿ, ಕೊಳ್ಳಬಹುದೋ ಬೇಡವೋ ಎಂದು ಓದುಗರಿಗೆ ಹೇಳಬೇಕು. ಕೀ ಮೊದಲು ಹೋಗುತ್ತಿದ್ದುದು ಎಲ್ಲರೂ ಸಾರಥಿ ಎಂದು ಕರೆಯುತ್ತಿದ್ದ ಹಿರಿಯ ವಿಮರ್ಶಕನ ಕೈಗೆ. ಆಮೇಲೆ ಫೋಟೋ ತೆಗೆಯುವವನಿಗೆ, ಆಮೇಲೆ ಜಾಹೀರಾತು ವಿಭಾಗದವನಿಗೆ, ಅವನ ಭಾವಮೈದುನನಿಗೆ. ಎಲ್ಲರ ಚಪಲ ತೀರಿ, ಪೆಟ್ರೋಲ್ ಮುಳ್ಳು ನೆಲ ಕಂಡ ಮೇಲೆ ಕೀ ಅವಳ ಮೇಜಿಗೆ ಬರುತ್ತಿತ್ತು.

ಆಗ ಅವಳು ತನ್ನ ಸಾಮಾನು ಎತ್ತಿಕೊಂಡು ಅಂಗಳಕ್ಕಿಳಿಯುತ್ತಿದ್ದಳು. ಮಡಚುವ ಮಗುವಿನ ಗಾಡಿ, ಒಂದು ದೊಡ್ಡ ಪೆಟ್ಟಿಗೆ, ಸುತ್ತಿದ ಹಾಸಿಗೆ, ಅಂಗಡಿಯ ಚೀಲಗಳು. ಹಿಂಬಾಗಿಲು ತೆಗೆದು ಇವನ್ನೆಲ್ಲ ಡಿಕ್ಕಿಗೆ ತುಂಬುವುದು, ಇಳಿಸುವುದು, ಮತ್ತೆ ತುಂಬುವುದು. ಆಮೇಲೆ ಹಿಂದಿನ ಸೀಟಿನ ನಡುವೆ ಮೊಣಕಾಲು ಮಡಚಿ ಕೂತು ನೋಡುವುದು. ಪತ್ರಿಕೆಯ ಕೊನೆಯಲ್ಲಿ ಅರ್ಧ ಪುಟ ಅವಳದು. ಕಚೇರಿಯಲ್ಲಿ ಅವಳಿಗೆ ಡಿಕ್ಕಿಯಕ್ಕ ಎಂದು ಹೆಸರು ಬಿದ್ದಿತ್ತು. ಸಾರಥಿ ಅವಳಿಗಿಂತ ಎಷ್ಟೋ ದೊಡ್ಡವನು, ಅವನೂ ಅಕ್ಕ ಎನ್ನುತ್ತಿದ್ದ.

ಆ ಅರ್ಧ ಪುಟವೂ ಪುಕ್ಕಟೆ ಸಿಕ್ಕಿದ್ದಲ್ಲ. ಮೊದಲು ಅವಳು ಅಲ್ಲಿ ಕರಡು ತಿದ್ದುವವಳಾಗಿದ್ದಳು. ಗಂಡಸರು ಬರೆದ ವಿಮರ್ಶೆಗಳಲ್ಲಿ ಒತ್ತು, ದೀರ್ಘ ನೋಡುತ್ತ ಕೂರುವ ಕೆಲಸ. ಎಲ್ಲ ವಿಮರ್ಶೆಗಳಲ್ಲೂ ‘ಹಿಂದಿನ ಸೀಟು ವಿಶಾಲವಾಗಿದೆ’ ಎಂಬ ಸಾಲು ತಪ್ಪದೆ ಬರುತ್ತಿತ್ತು. ಒಂದು ದಿನ ಅದರ ಪಕ್ಕದಲ್ಲಿ ‘ಯಾರು ಕೂತಿದ್ದರು?’ ಎಂದು ಕೆಂಪು ಶಾಯಿಯಲ್ಲಿ ಬರೆದು ಸಂಪಾದಕರಿಗೆ ಕಳಿಸಿದಳು. ವಿಚಾರಿಸಿದರೆ ಯಾರೂ ಕೂತಿರಲಿಲ್ಲ. ಸಂಪಾದಕರು ನಕ್ಕು, ಹಾಗಾದರೆ ಇನ್ನು ಮುಂದೆ ನೀವೇ ಕೂತು ಬರೀರಿ ಅಂದರು. ನಕ್ಕಿದ್ದು ಅವರು, ಬರೆದದ್ದು ಇವಳು.

ಓಡಿಸಲು ಬಾರದವಳೇನಲ್ಲ. ಸಣ್ಣವಳಿದ್ದಾಗ ಅಪ್ಪ ಭಾನುವಾರಗಳಂದು ಅಣ್ಣನಿಗೆ ಬಯಲಿನಲ್ಲಿ ಕಾರು ಕಲಿಸುತ್ತಿದ್ದ. ನೀರಿನ ಬಾಟಲಿ ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ, ಇವಳನ್ನು ಹಿಂದೆ ಕೂರಿಸುತ್ತಿದ್ದರು. ಎರಡು ಸೀಟುಗಳ ಸಂದಿಯಿಂದ ಅಪ್ಪನ ಪಾದ ಏನು ಮಾಡುತ್ತದೆ, ಅಣ್ಣನ ಪಾದ ಏನು ಮಾಡುತ್ತಿಲ್ಲ ಎಂದು ನೋಡಿ ನೋಡಿಯೇ ಕಲಿತಳು. ಮದುವೆಯಾದ ಮೇಲೆ ಚಾಲನಾ ಶಾಲೆಗೆ ಸೇರಿದಾಗ, ಮೊದಲ ದಿನವೇ ಗಾಡಿ ಹಾರದೆ, ಎಗರದೆ ಹೊರಟಿದ್ದು ಕಂಡು ಅಲ್ಲಿಯ ಮೇಷ್ಟ್ರು ಯಾರಮ್ಮ ಕಲಿಸಿದ್ದು ಎಂದು ಕೇಳಿದರು. ಹಿಂದಿನ ಸೀಟು, ಅಂದಿದ್ದಳು.

ಅವಳ ಹೆಸರಿಗೆ ಸಂಬಂಧಪಟ್ಟ ಒಂದು ತಮಾಷೆ ಕಚೇರಿಯಲ್ಲಿ ಇಂದಿಗೂ ಓಡಾಡುತ್ತದೆ. ಕೆಲಸ ಶುರುವಾದ ಹೊಸದರಲ್ಲಿ ಗಂಡನಿಗೆ ಫೋನಿನಲ್ಲಿ ಸಂದೇಶ ಕಳಿಸಿದ್ದಳು: ‘ಈಗ ಡಿಕ್ಕಿ ಆಯ್ತು. ಬರೋದು ಲೇಟಾಗುತ್ತೆ.’ ಸಾಮಾನು ತುಂಬಿ ನೋಡುವ ಕೆಲಸ ಮುಗಿಯಿತು ಎಂದು ಅವಳ ಅರ್ಥ. ಗಂಡ ಓದಿಕೊಂಡದ್ದೇ ಬೇರೆ. ಎದ್ದೆನೋ ಬಿದ್ದೆನೋ ಎಂದು ಕಚೇರಿಗೆ ಓಡಿಬಂದು, ಅಂಗಳದಲ್ಲಿ ಹಾಸಿಗೆ ಸುತ್ತುತ್ತಿದ್ದ ಅವಳನ್ನು ನೋಡಿ, ಮೊದಲು ಕೇಳಿದ್ದು, “ಗಾಡಿಗೆ ಏನಾಯ್ತು?” ಎಂದು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ಆದರೆ ಯಾವ ಪ್ರಶ್ನೆ ಮೊದಲು ಬಂತು ಎಂಬುದನ್ನು ಮರೆಯಲಿಲ್ಲ.

ಹೀಗಿರುವಾಗ ಆ ಕಾರು ಬಂತು. ಒಳಗೆ ಸಾಮಾನ್ಯ ಕಾರಿನ ಮೂಳೆ, ಹೊರಗೆ ಎಸ್‌ಯುವಿಯ ಮೈಕಟ್ಟು. ಕ್ರಾಸ್‌ಓವರ್ ಅನ್ನುತ್ತಾರೆ. ಎತ್ತರದಲ್ಲಿ ಕೂರಬೇಕು, ಆದರೆ ಲಾರಿ ಓಡಿಸಿದ ಹಾಗಿರಬಾರದು ಅನ್ನುವ ಸಂಸಾರಸ್ಥರಿಗೆಂದೇ ಮಾಡಿದ್ದು. ಸಾರಥಿ ಇಂಥವನ್ನು ಹುಲಿವೇಷ ಹಾಕಿದ ಬೆಕ್ಕು ಎಂದು ಆಡಿಕೊಳ್ಳುತ್ತಿದ್ದ. ಆಡಿಕೊಳ್ಳಲು ಈ ಸಲ ಅವನೇ ಇರಲಿಲ್ಲ. ಹಿಂದಿನ ವಾರ ಮನೆಯಲ್ಲಿ ಬಿದ್ದ ಪೆನ್ನು ಎತ್ತಲು ಬಗ್ಗಿದವನು ಹಾಗೇ ಉಳಿದು, ಸೊಂಟ ಹಿಡಿದು ಮಲಗಿದ್ದ.

ಸಂಪಾದಕರು ಅವಳನ್ನು ಕರೆದು ಮೇಜಿನ ಮೇಲೆ ಕೀ ಇಟ್ಟರು. ಮುಖಪುಟದ ಲೇಖನ ನಿಮ್ಮದು ಅಂದರು. ಸೋಮವಾರ ಬೆಳಿಗ್ಗೆ ಬರಹ ಬೇಕು, ಅವತ್ತೇ ಗಾಡಿ ವಾಪಸು. ಅವಳು ಕೀ ಮುಟ್ಟುವ ಮುಂಚೆ ಅದರ ಮೇಲೆ ಬೆರಳಿಟ್ಟು ಇನ್ನೊಂದು ಮಾತು ಸೇರಿಸಿದರು.

“ನೋಡೀಮ್ಮ, ಈ ಸಲ ಡಿಕ್ಕಿ ಗಿಕ್ಕಿ ಬಿಟ್ಬಿಡಿ. ಓಡಿಸಿ. ಓಡಿಸಿದ್ದನ್ನ ಬರೀರಿ. ಚೆನ್ನಾಗಿ ಬಂದ್ರೆ ಸಾರಥಿ ಬಂದ ಮೇಲೂ ಒಂದು ಗಾಡಿ ಅವನಿಗೆ, ಒಂದು ಗಾಡಿ ನಿಮಗೆ. ಇಲ್ಲಾಂದ್ರೆ ಅರ್ಧ ಪುಟ ಇದ್ದೇ ಇದೆ.”

ಅವಳು ಕೀ ತೆಗೆದುಕೊಂಡು ಮೆಟ್ಟಿಲಿಳಿಯುವಾಗ, ಅಷ್ಟು ವರ್ಷ ಎತ್ತಿ ಇಳಿಸಿದ್ದ ಆ ಹಾಸಿಗೆ ಮೂಲೆಯಲ್ಲಿ ಸುರುಳಿ ಸುತ್ತಿ ಕೂತಿತ್ತು. ಅದರ ಕಡೆ ತಿರುಗಿಯೂ ನೋಡಲಿಲ್ಲ.

ಭಾನುವಾರ ಬೆಳಗಾಗುವ ಮುಂಚೆ ಒಬ್ಬಳೇ ಬೆಟ್ಟದ ರಸ್ತೆಗೆ ಹೋಗಿಬರುವುದು ಅವಳ ಲೆಕ್ಕ. ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಗಂಡ ಆ ಕಾರಿನ ಜಾಹೀರಾತನ್ನು ಆಗಲೇ ಬಾಯಿಪಾಠ ಮಾಡಿಕೊಂಡಿದ್ದ. ಅವನ ಕಚೇರಿಯಲ್ಲಿ ಇಬ್ಬರು ಬುಕ್ ಮಾಡಿದ್ದರಂತೆ, ಇವನೂ ಮಾಡುವವನೇ.

“ಫ್ಯಾಮಿಲಿ ಕಾರು ತಾನೆ? ಫ್ಯಾಮಿಲಿ ಇಲ್ದೆ ಏನು ಟೆಸ್ಟು?” ಅಂದ.

ಅಲ್ಲಿಗೆ ಪರೀಕ್ಷೆ ಪ್ರವಾಸವಾಯಿತು. ಪ್ರವಾಸವೆಂದರೆ ಉಳಿದವರು ಹೊರಡುವುದು, ಅವಳು ಹೊರಡಿಸುವುದು. ಬುತ್ತಿ, ಫ್ಲಾಸ್ಕು, ಅತ್ತೆಯ ಮಾತ್ರೆ, ಅತ್ತೆ ಹಿಡಿದು ನಡೆಯುವ ನಾಲ್ಕು ಕಾಲಿನ ವಾಕರ್, ಮಗಳು ಪುಟ್ಟಿಗೆ ಒಂದು ಜೊತೆ ಬಟ್ಟೆ, ವಾಂತಿ ಬಂದರೆ ಇರಲಿ ಎಂದು ಕವರು, ಕೂರಲು ಚಾಪೆ, ದಾರಿಯಲ್ಲಿ ತಿನ್ನಲು ಹಣ್ಣು, ಹೆಚ್ಚಲು ಸೌತೆಕಾಯಿ, ಚಾಕು. ಸಾರಥಿ ಬೆಟ್ಟಕ್ಕೆ ಹೋಗುವಾಗ ಏನು ಒಯ್ಯುತ್ತಾನೆ ಎಂದು ಯೋಚಿಸಿದಳು. ಕಪ್ಪು ಕನ್ನಡಕ.

ಕೆಳಗಿನ ಪಾರ್ಕಿಂಗಿಗೆ ಬಂದರೆ ಗಂಡ ಚಾಲಕನ ಸೀಟಿನಲ್ಲಿ ಕೂತು ಸ್ಟೇರಿಂಗ್ ಸವರುತ್ತಿದ್ದ. ಊರು ದಾಟುವವರೆಗೆ ಟ್ರಾಫಿಕ್ಕು, ಅಲ್ಲಿತನಕ ನಾನು ತಂದುಕೊಡ್ತೀನಿ ಎಂದು ಅವನ ವಾದ. ಕಂಪನಿಯ ಕಾಗದದಲ್ಲಿ ಓಡಿಸುವವಳೆಂದು ಇರುವುದು ನನ್ನೊಬ್ಬಳ ಹೆಸರು ಎಂದು ಇವಳು. ಅವನು ನಕ್ಕ, ಯಾರು ನೋಡ್ತಾರೆ ಅಂದ. ಅವಳು ನಗಲಿಲ್ಲ. ಚೀಲಗಳನ್ನು ಹಿಡಿದುಕೊಂಡು ಬಾಗಿಲ ಪಕ್ಕದಲ್ಲಿ ಸುಮ್ಮನೆ ನಿಂತಳು. ಕೈ ಸೋಲುತ್ತಿತ್ತು, ಕೆಳಗಿಡಲಿಲ್ಲ. ಕೊನೆಗೆ ಹಿಂದಿನಿಂದ ಅತ್ತೆ, “ಇಳಿಯೋ, ಕಾಲು ನೋಯ್ತಿದೆ, ಹೊರಡ್ಲಿ,” ಅಂದ ಮೇಲೆ ಇಳಿದ. ಇಳಿದವನು ಚೀಲಗಳನ್ನು ನೋಡಿ, ಇವನ್ನೆಲ್ಲ ಎಲ್ಲಿಡ್ತೀಯೋ ಇಟ್ಕೊ ಎಂದು ಮುಂದಿನ ಸೀಟಿಗೆ ಹೋಗಿ ಕೂತ.

ಊರು ದಾಟುವವರೆಗೆ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ನಿಧಾನ. ಲಾರಿ ಇದೆ. ಹಾರನ್ ಮಾಡು. ಅವಳು ಅವನ ಮಾತನ್ನು ರೇಡಿಯೋದ ಹಾಗೆ ಒಂದು ಕಡೆ ಬಿಟ್ಟು ಗಾಡಿಯ ಮಾತು ಕೇಳಿಸಿಕೊಳ್ಳತೊಡಗಿದಳು. ರಸ್ತೆ ಏರತೊಡಗಿದ ಮೇಲೆ ಅದು ಬಾಯಿ ಬಿಟ್ಟಿತು. ಹಳ್ಳಕ್ಕೆ ಇಳಿದರೆ ಒಂದೇ ಸಲ ಇಳಿದು ಏಳುತ್ತಿತ್ತು, ಆಮೇಲೆ ತೂಗಾಡುತ್ತಿರಲಿಲ್ಲ. ಅಷ್ಟೆತ್ತರದ ಮೈಯಿದ್ದೂ ತಿರುವಿನಲ್ಲಿ ವಾಲುವುದು ಕಡಿಮೆ. ಸ್ಟೇರಿಂಗ್ ಹಗುರ, ಆದರೆ ಚಕ್ರ ಎಲ್ಲಿದೆ ಎಂದು ಬೆರಳಿಗೆ ತಿಳಿಯುತ್ತಿತ್ತು. ಒಂದು ಇಕ್ಕಟ್ಟಿನ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಬ್ರೇಕು ಒತ್ತಿದಳು. ಹಾಲು ತುಂಬಿದ ಪಾತ್ರೆ ಇಳಿಸಿದ ಹಾಗೆ ನಿಂತಿತು. ಗಂಡ ಮಾತು ಮರೆತು ಕೂತ. ಏರಿನಲ್ಲಿ ಮತ್ತೆ ಹೊರಟಾಗ ಗಾಡಿ ಹಿಂದಕ್ಕೆ ಕೂದಲೆಳೆಯಷ್ಟೂ ಜಾರಲಿಲ್ಲ. ಅವಳೊಳಗೆ ವಾಕ್ಯಗಳು ತಾವಾಗಿಯೇ ಹುಟ್ಟುತ್ತಿದ್ದವು. ಆ ತಿರುವಿಗೊಂದು ಪ್ಯಾರಾ, ಆ ಬ್ರೇಕಿಗೊಂದು. ಇಷ್ಟು ವರ್ಷ ಬೇರೆಯವರ ವಾಕ್ಯಗಳಿಗೆ ಒತ್ತು ಕೊಟ್ಟವಳಿಗೆ ತನ್ನದೇ ವಾಕ್ಯ ಕೈಯಳತೆಯಲ್ಲಿ ಸಿಗುತ್ತಿತ್ತು.

ಮೇಲೆ ಕಣಿವೆ ಕಾಣುವ ಒಂದು ಜಾಗದಲ್ಲಿ ಗಾಡಿಗಳು ನಿಲ್ಲಲು ಅಂಗಳ ಮಾಡಿದ್ದರು. ಅಲ್ಲಿ ನಿಲ್ಲಿಸಿದಳು. ಆ ಕಾರಿನ ಹಿಂಬಾಗಿಲು ತಾನೇ ಏಳುವ, ತಾನೇ ಇಳಿಯುವ ಬಾಗಿಲು. ಕೈ ತುಂಬ ಸಾಮಾನಿದ್ದರೆ ಬಂಪರಿನ ಕೆಳಗೆ ಕಾಲು ಬೀಸಿದರೆ ಸಾಕು. ಜಾಹೀರಾತಿನಲ್ಲಿ ಚೀಲ ಹೊತ್ತ ಹೆಂಗಸೊಬ್ಬಳು ಕಾಲು ಬೀಸಿ ನಗುತ್ತಾಳೆ. ಬಾಗಿಲು ಎದ್ದಿತು. ವಾಕರ್ ದಾರಿಯಲ್ಲಿ ಜಾರಿ ಒಳಗೆ ಮೂಲೆಗೆ ಹೋಗಿ ಸಿಕ್ಕಿಕೊಂಡಿತ್ತು. ಅವಳು ಒಂದು ಪಕ್ಕದಿಂದ ಬಗ್ಗಿ ಸೊಂಟದವರೆಗೂ ಒಳಗಿಳಿದು ಅದನ್ನು ಎಳೆಯುತ್ತಿದ್ದಳು. ವಾಕರ್ ಕೈಗೆ ಬರುವವರೆಗೆ ಅತ್ತೆಗೆ ಆಸರೆ ಬೇಕು. ಇನ್ನೊಂದು ಪಕ್ಕದಲ್ಲಿ ಬಾಗಿಲ ಚೌಕಟ್ಟಿನ ಕೆಳಮೂಲೆಯನ್ನು ಹಿಡಿದು ನಿಂತಿದ್ದರು. ಗಂಡ ಪಕ್ಕದ ಕಾರಿನವನಿಗೆ ಈ ಬಾಗಿಲಿನ ಮಹಿಮೆ ಹೇಳುತ್ತಿದ್ದ. ಪುಟ್ಟಿ ಅಪ್ಪನ ಮಾತು ಕೇಳಿ ತಾನೂ ಬಂಪರಿನ ಕೆಳಗೆ ಕಾಲು ಬೀಸಿದಳು.

ಟುಂಯ್ ಎಂದು ಸದ್ದಾಯಿತು. ಬಗ್ಗಿದ್ದವಳಿಗೆ ಬೆನ್ನ ಮೇಲೆ ನೆರಳು ಇಳಿದದ್ದು ಗೊತ್ತಾಯಿತು. ತಲೆ ಹೊರಗೆಳೆದುಕೊಂಡಳು. ಬಾಗಿಲು ಇಳಿಯುತ್ತಿತ್ತು. ಅತ್ತೆಯ ಬೆರಳುಗಳು ಮೂಲೆಯಲ್ಲೇ ಇದ್ದವು. ಅವರು ಮೊಮ್ಮಗಳ ಕಡೆ ತಿರುಗಿದ್ದರು. ಗಂಡ ದೂರದಿಂದಲೇ, “ಅದೇ ನಿಲ್ಲುತ್ತೆ, ಸೆನ್ಸರ್ ಇದೆ,” ಅಂದ. ಅವಳು ವಾಕರನ್ನು ಕೈಬಿಟ್ಟು, ಡಿಕ್ಕಿಯ ಅಗಲಕ್ಕೂ ಮೈಚಾಚಿ, ಅತ್ತೆಯ ಮಣಿಕಟ್ಟು ಹಿಡಿದು ಕಿತ್ತಳು. ಇಬ್ಬರೂ ನೆಲಕ್ಕೆ ಬಿದ್ದರು. ಬಾಗಿಲು ಯಾವ ಆತುರವೂ ಇಲ್ಲದೆ ಇಳಿದು, ಅಂಚನ್ನು ಒಳಗೆಳೆದುಕೊಂಡು ಮುಚ್ಚಿತು. ಅತ್ತೆಯ ಸೆರಗಿನ ಚುಂಗು ಸಂದಿಗೆ ಸಿಕ್ಕಿ ಹೊರಗೆ ನಾಲಗೆಯ ಹಾಗೆ ಇಣುಕುತ್ತಿತ್ತು.

ಗಂಡ ಓಡಿಬಂದು ಅಮ್ಮನನ್ನು ಎಬ್ಬಿಸಿದ. ಮೊಣಕೈ ತರಚಿತ್ತು, ಅಷ್ಟೇ. ಬಾಗಿಲು ತೆಗೆದು ಸೆರಗು ಬಿಡಿಸಿದ. ಆಮೇಲೆ ಅವನಿಗೆ ಸಿಟ್ಟು ಬಂತು. ಹೆದರಿಕೊಂಡ ಗಂಡಸಿಗೆ ಮೊದಲು ಬರುವುದು ಅದೇ. ಇಷ್ಟಕ್ಕೆಲ್ಲ ಎಳೆದು ಬೀಳಿಸಬೇಕಾ? ಬಟ್ಟೆ ತೆಳು, ಅದಕ್ಕೆ ಗೊತ್ತಾಗಲ್ಲ. ಕೈ ಇದ್ದಿದ್ದರೆ ನಿಲ್ಲುತ್ತಿತ್ತು. ಮೊಣಕಾಲಿಗೆ ಏಟಾಗಿದ್ದರೆ ಯಾರು ಜವಾಬ್ದಾರಿ?

“ಬೇಕಿದ್ರೆ ನನ್ನ ಕೈನೇ ಇಡ್ತೀನಿ, ನೋಡು.”

ಬೇಡ ಅನ್ನುವಷ್ಟರಲ್ಲಿ ಡಿಕ್ಕಿಯ ಎದುರು, ಸರಿಯಾಗಿ ನಟ್ಟನಡುವೆ ನಿಂತು ಬಾಗಿಲಂಚಿನ ಬಟನ್ ಒತ್ತಿ, ಅಂಗೈ ಚಾಚಿದ. ಅವಳು ಪುಟ್ಟಿಯ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಬಾಗಿಲು ಇಳಿದು ಅವನ ಕೈಗೆ ತಾಗಿತು, ತಡೆಯಿತು, ಪೀಪೀ ಅಂದು ಮೇಲೆ ಹೋಯಿತು. ಪಕ್ಕದ ಕಾರಿನವನು ಭೇಷ್ ಅನ್ನುವ ಹಾಗೆ ತಲೆಯಾಡಿಸಿದ. ಗಂಡ ಅಂಗೈಯನ್ನು ಎತ್ತಿ ತೋರಿಸಿದ.

ಅವಳು ಅತ್ತೆ ನಿಂತಿದ್ದ ಜಾಗ ನೋಡಿದಳು. ತಾನು ನಿಂತಿದ್ದ ಜಾಗ ನೋಡಿದಳು. ನಡುವೆ ನಿಲ್ಲುವವರು ಬಟನ್ ಒತ್ತುವವರು. ತುಂಬುವವರು, ತೆಗೆಯುವವರು, ಒಂದು ಕೈಯಲ್ಲಿ ಚೌಕಟ್ಟು ಹಿಡಿದು ಇನ್ನೊಂದು ಕೈಯನ್ನು ಒಳಗೆ ಚಾಚುವವರು ನಿಲ್ಲುವುದು ಮೂಲೆಯಲ್ಲಿ. ಇಷ್ಟು ವರ್ಷ ಎಷ್ಟು ಡಿಕ್ಕಿ ತುಂಬಿದ್ದಾಳೋ, ಒಂದು ಸಲವೂ ನಡುವೆ ನಿಂತದ್ದು ನೆನಪಿಲ್ಲ.

ಬುಟ್ಟಿಯಿಂದ ಒಂದು ದಪ್ಪ ಸೌತೆಕಾಯಿ ತೆಗೆದು ಅತ್ತೆಯ ಬೆರಳಿದ್ದ ಮೂಲೆಯಲ್ಲಿ ಇಟ್ಟಳು. ದೂರ ಸರಿದು ಕೀಯಲ್ಲಿದ್ದ ಬಟನ್ ಒತ್ತಿದಳು. ಗಂಡ ಏನೋ ಹಾಸ್ಯ ಮಾಡಲು ಬಾಯಿ ತೆರೆದ. ಬಾಗಿಲು ಇಳಿಯಿತು. ನಿಲ್ಲಲಿಲ್ಲ. ಲಟಕ್ ಎಂದು ಸದ್ದಾಗಿ ಸೌತೆಕಾಯಿಯ ಅರ್ಧ ನೆಲಕ್ಕೆ ಬಿದ್ದು ಗಂಡನ ಬೂಟಿನವರೆಗೆ ಉರುಳಿ ಬಂತು.

 ಪಕ್ಕದ ಕಾರಿನವನು ತನ್ನ ಹೆಂಡತಿಯನ್ನು ಕರೆದುಕೊಂಡು ಆ ಕಡೆ ಹೋದ. ಅವಳು ಇನ್ನೊಂದು ಸೌತೆಕಾಯಿ ತೆಗೆದು ಎದುರು ಮೂಲೆಯಲ್ಲಿಟ್ಟಳು. ಅದೂ ಹಾಗೆಯೇ ಆಯಿತು. ಗಂಡ ತನ್ನ ಅಂಗೈಯನ್ನು ಪ್ಯಾಂಟಿನ ಜೇಬಿನೊಳಗೆ ಇಟ್ಟುಕೊಂಡ. ಅಲ್ಲಿಂದ ಮನೆ ಮುಟ್ಟುವವರೆಗೆ ಅದನ್ನು ಹೊರಗೆ ತೆಗೆದದ್ದನ್ನು ಅವಳು ಕಾಣಲಿಲ್ಲ.

ಕಣಿವೆಯ ಕಡೆ ನಡೆದು ಸಂಪಾದಕರಿಗೆ ಫೋನ್ ಮಾಡಿದಳು. ಅವರು ಎಲ್ಲವನ್ನೂ ಕೇಳಿಸಿಕೊಂಡರು, ಮನುಷ್ಯ ಕೆಟ್ಟವರಲ್ಲ. ಅಮ್ಮನವರು ಹೇಗಿದ್ದಾರೆ ಎಂದು ವಿಚಾರಿಸಿದರು. ಕಂಪನಿಯವರಿಗೆ ತಾವೇ ಫೋನ್ ಮಾಡಿ ಕೇಳಿ, ಸ್ವಲ್ಪ ಹೊತ್ತಿನ ನಂತರ ತಿರುಗಿ ಕರೆ ಮಾಡಿದರು. ಬಾಗಿಲು ಇಳಿಯುವಾಗ ಕೈ ಇಡಬಾರದು ಎಂದು ಕೈಪಿಡಿಯಲ್ಲೇ ಇದೆಯಂತೆ. ಅಷ್ಟಾಗಿಯೂ ಪರಿಶೀಲಿಸುತ್ತಾರಂತೆ. ಇದನ್ನು ಒಂದು ಬಾಕ್ಸ್ ಮಾಡಿ ಒಳಪುಟದಲ್ಲಿ ಹಾಕೋಣ, ಮುಖ್ಯ ಲೇಖನ ಓಡಿಸುವುದರ ಬಗ್ಗೆಯೇ ಇರಲಿ ಅಂದರು. ಆಮೇಲೆ ದನಿ ತಗ್ಗಿಸಿದರು.

“ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಮೊದಲನೇ ಸಲ ಸ್ಟೇರಿಂಗ್ ಕೊಟ್ರೆ ನೀವು ಡಿಕ್ಕಿಯಿಂದ ಶುರು ಮಾಡಿದ್ರೆ, ಜನ ಏನಂತಾರೆ? ಡಿಕ್ಕಿಯಕ್ಕ ಎಲ್ಲಿ ಕೂತ್ರೂ ಡಿಕ್ಕಿಯಕ್ಕನೇ ಅಂತಾರೆ. ಆಮೇಲೆ ನಾನು ಯಾವ ಮುಖ ಇಟ್ಕೊಂಡು ಇನ್ನೊಂದು ಗಾಡಿ ನಿಮಗೆ ಕೊಡ್ಲಿ?”

ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಸಂಪಾದಕರ ಮೇಲಲ್ಲ, ಆ ಡಿಕ್ಕಿಯ ಮೇಲೆ. ಇವತ್ತೊಂದು ದಿನ ಸುಮ್ಮನೆ ಇರಬಾರದಿತ್ತೇ? ಬೆಳಗಿನಿಂದ ಕೂಡಿಟ್ಟುಕೊಂಡ ತಿರುವು, ಬ್ರೇಕು, ಏರು ಎಲ್ಲವೂ ಆ ತುಂಡಾದ ಸೌತೆಕಾಯಿಯ ಕೆಳಗೆ ಹೋಗಿಬಿಟ್ಟಿದ್ದವು. ಬಾಕ್ಸ್ ಸಾಕು ಎಂದು ಒಂದು ಮನಸ್ಸು ಹೇಳುತ್ತಿತ್ತು. ಬರೆದ ಹಾಗೂ ಆಯಿತು, ಕೀ ಉಳಿದ ಹಾಗೂ ಆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಬಾಕ್ಸ್‌ಗಳನ್ನು ಯಾರು ಓದುತ್ತಾರೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ವರ್ಷಗಟ್ಟಲೆ ಅವುಗಳಲ್ಲಿ ಒತ್ತು ತಿದ್ದಿದ್ದಳು. ಒಬ್ಬ ಓದುಗನೂ ಅವುಗಳ ಬಗ್ಗೆ ಒಂದು ಸಾಲು ಬರೆದಿರಲಿಲ್ಲ.

ಇಳಿಯುವ ದಾರಿಯಲ್ಲಿ ಅವಳೇ ಓಡಿಸಿದಳು. ಗಂಡನ ಕಾಲು ಬ್ರೇಕ್ ಒತ್ತಲಿಲ್ಲ. ಆ ಮೌನ ಅವಳಿಗೆ ಮಾತಿಗಿಂತ ಕಷ್ಟವಾಗುತ್ತಿತ್ತು. ಪುಟ್ಟಿ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅರ್ಧ ದಾರಿಗೆ ಅತ್ತೆ ಕೇಳಿದರು, ಇದನ್ನೆಲ್ಲ ಪತ್ರಿಕೆಯಲ್ಲಿ ಬರೀತೀಯಾ ಎಂದು. ಅವಳು ಕನ್ನಡಿಯಲ್ಲಿ ಅವರನ್ನು ನೋಡುತ್ತ ಸಂಪಾದಕರು ಹೇಳಿದ್ದನ್ನೆಲ್ಲ ಹೇಳಿದಳು. ಮುಖ್ಯ ಲೇಖನದಲ್ಲಿ ಅಲ್ಲವಂತೆ. ಒಂದು ಬಾಕ್ಸ್ ಮಾಡಿ ಒಳಗೆ ಹಾಕುತ್ತಾರಂತೆ.

“ಬಾಕ್ಸ್ ಅಂದ್ರೆ?”

“ಸಣ್ಣದೊಂದು ಚೌಕ, ಅತ್ತೆ. ಡಬ್ಬಿ ಥರ. ಅದರೊಳಗೆ ನಾಲ್ಕು ಸಾಲು.”

ಅತ್ತೆ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿಕೊಂಡರು. “ಹಾಗಾದ್ರೆ ನನ್ನ ಕೈನ ಡಬ್ಬಿಗೆ ಹಾಕ್ತೀಯಾ?” ಅಂದರು. ಅವರ ದನಿಯಲ್ಲಿ ಕುಹಕವೂ ಇತ್ತು, ನಗೆಯೂ ಇತ್ತು. ಮುಂದಿನ ಸೀಟಿನಲ್ಲಿ ಗಂಡ ಕಿಟಕಿಯ ಕಡೆ ಮುಖ ಮಾಡಿದ.

 ತಿರುವು ಬಂತು, ತಿರುಗಿಸಿದಳು. ಗಾಡಿ ಬೆಳಗಿನಷ್ಟೇ ಚೆನ್ನಾಗಿ ತಿರುಗಿತು. ಒಳ್ಳೆಯ ಗಾಡಿ. ಅದೇ ಸಂಕಟ.

ಸಂಜೆ ಮನೆಯಲ್ಲಿ ಚಾಪೆ ಒಗೆದು, ಡಬ್ಬ ತೊಳೆದು, ಎಲ್ಲರ ಊಟ ಮುಗಿಸಿ ಬರೆಯಲು ಕೂರುವಾಗ ಒಂದು ವಿಚಿತ್ರ ನಡೆಯಿತು. ಗಂಡ ಬಂದು, ಬಾಕಿ ಪಾತ್ರೆ ನಾನು ನೋಡ್ಕೋತೀನಿ ಅಂದ. ಅಡುಗೆಮನೆಯಿಂದ ಬಂದ ಸದ್ದು ಕೇಳಿದರೆ ಪಾತ್ರೆಗಳು ಅವನನ್ನು ನೋಡಿಕೊಳ್ಳುತ್ತಿದ್ದ ಹಾಗಿತ್ತು. ಎದ್ದು ಹೋಗಬೇಕು ಅನ್ನಿಸಿದರೂ ಹೋಗಲಿಲ್ಲ. ಅವಳು ಬರೆದ ಮೊದಲ ಸಾಲು ಹೀಗಿತ್ತು: ‘ಈ ಕಾರನ್ನು ಓಡಿಸಿದವಳು ನಾನೇ, ತುಂಬಿದವಳೂ ನಾನೇ, ಆದ್ದರಿಂದ ಮೊದಲು ಹಿಂದಕ್ಕೆ ಬನ್ನಿ.’ ಅಲ್ಲಿಂದ ಹಿಂಬಾಗಿಲು, ಮೂಲೆ, ಅತ್ತೆಯ ಬೆರಳು, ಸೌತೆಕಾಯಿ, ಆಮೇಲೆ ಹಿಂದಿನ ಸೀಟು, ಕೊನೆಗೆ ಸ್ಟೇರಿಂಗ್. ತಿರುವು, ಬ್ರೇಕಿನ ಪ್ಯಾರಾಗಳೂ ಇದ್ದವು, ಹೊಗಳಿಕೆಯಲ್ಲಿ ಜಿಪುಣತನ ಮಾಡಲಿಲ್ಲ. ಆದರೆ ಅವು ತಮ್ಮ ಸರದಿಗೆ ಕಾಯಬೇಕಾಯಿತು. ಸಂಸಾರಸ್ಥರು ಸದ್ಯಕ್ಕೆ ಇದನ್ನು ಕೊಳ್ಳಬೇಡಿ, ಬಾಗಿಲು ಸರಿಯಾದ ಮೇಲೆ ಕಣ್ಣು ಮುಚ್ಚಿ ಕೊಳ್ಳಿ ಎಂದು ಮುಗಿಸಿದಳು. ಇದಾದ ಮೇಲೆ ಕೀ ಸಿಗಲಾರದು ಎಂದು ತಿಳಿದೇ ಬರೆದಳು. ಸಾರಥಿಯ ಸೊಂಟ ಒಂದಲ್ಲ ಒಂದು ದಿನ ನೆಟ್ಟಗಾಗುತ್ತದೆ.

ಸೋಮವಾರ ಸಂಪಾದಕರು ಬರಹವನ್ನು ಒಂದು ಸಲ ಓದಿದರು, ಮತ್ತೊಂದು ಸಲ ಓದಿದರು. ಕನ್ನಡಕ ತೆಗೆದರು. ಏನೂ ಹೇಳುವ ಮೊದಲೇ ಕಂಪನಿಯ ಪ್ರತಿನಿಧಿ ಗಾಡಿ ಒಯ್ಯಲು ಬಂದಿದ್ದಾನೆಂದು ಕೆಳಗಿನಿಂದ ಕರೆ ಬಂತು. ಇಬ್ಬರೂ ಅಂಗಳಕ್ಕೆ ಇಳಿದರು. ಪ್ರತಿನಿಧಿ ಇಸ್ತ್ರಿ ಮಾಡಿದ ಅಂಗಿಯ, ಮೆದು ಮಾತಿನ ಯುವಕ. ಮೇಡಂಗೆ ಏನೋ ತಪ್ಪು ತಿಳಿವಳಿಕೆ ಆಗಿದೆ, ಈಗಲೇ ತೋರಿಸ್ತೀನಿ ಸರ್ ಎಂದು ಡಿಕ್ಕಿಯ ಎದುರು, ನಟ್ಟನಡುವೆ ನಿಂತ. ಬಟನ್ ಒತ್ತಿ ಅಂಗೈ ಚಾಚಿದ. ಬಾಗಿಲು ತಾಗಿ, ತಡೆದು, ಮೇಲೆ ಹೋಯಿತು. ಸಂಪಾದಕರು ಅವಳ ಕಡೆ ನೋಡಿದರು.  ಹೇಳಬೇಕಾದದ್ದೆಲ್ಲ ಅವರ ಕೈಯಲ್ಲಿದ್ದ ಕಾಗದದಲ್ಲೇ ಇತ್ತು. ಅಂಗಳದಲ್ಲಿ ಫೋಟೋದವನೂ ಜಾಹೀರಾತಿನವನೂ ಬಂದು ನಿಂತಿದ್ದರು. 

ಸಂಪಾದಕರು ಕಾಗದವನ್ನು ಕಂಕುಳಲ್ಲಿ ಇಟ್ಟುಕೊಂಡರು. ನಿಧಾನವಾಗಿ ನಡೆದು ಒಂದು ಪಕ್ಕಕ್ಕೆ ಹೋದರು. ಯಾವುದೋ ಯೋಚನೆಯಲ್ಲಿದ್ದವರ ಹಾಗೆ ಚೌಕಟ್ಟಿನ ಕೆಳಮೂಲೆಯನ್ನು ಹಿಡಿದು, “ಒತ್ತಿ,” ಅಂದರು.

ಪ್ರತಿನಿಧಿಯ ಹೆಬ್ಬೆರಳು ಬಟನ್ನಿನ ಮೇಲೆಯೇ ನಿಂತಿತು.

“ಅಲ್ಲಿ ಬೇಡ ಸರ್,” ಅಂದ. “ಈ ಕಡೆ ನಡುವೆ ಇಡಿ.”

ಅಂದ ಮೇಲೆ ಅವನಿಗೇ ಕೇಳಿಸಿತು, ತಾನು ಏನಂದೆ ಎಂದು. ಕಿವಿ ಕೆಂಪಾಯಿತು. ಸಂಪಾದಕರು ಬೆರಳುಗಳನ್ನು ಮೂಲೆಯಿಂದ ತೆಗೆದು, ಅವು ಎಲ್ಲ ಇವೆಯೇ ಎನ್ನುವ ಹಾಗೆ ಒಮ್ಮೆ ಉಜ್ಜಿಕೊಂಡರು. ಅಂಗಳದಲ್ಲಿ ಯಾರೂ ನಗಲಿಲ್ಲ. ಪ್ರತಿನಿಧಿ ಕೀಗಾಗಿ ಕೈ ಚಾಚಿದ. ಅವಳು ಕೊಟ್ಟಳು. ಕೈ ಖಾಲಿಯಾದದ್ದು ತಿಳಿಯಿತು.

ಗಾಡಿ ಗೇಟು ದಾಟುವವರೆಗೆ ಸಂಪಾದಕರು ನಿಂತಿದ್ದರು. ಆಮೇಲೆ ಕಂಕುಳಿನ ಕಾಗದ ತೆಗೆದು, ಮೊದಲ ಸಾಲಿನಲ್ಲಿ ಒಂದು ಅಲ್ಪವಿರಾಮ ಹೊಡೆದುಹಾಕಿದರು. ಬೇರೇನನ್ನೂ ಮುಟ್ಟಲಿಲ್ಲ. ಮೆಟ್ಟಿಲ ಹತ್ತಿರ ಹೋದವರು ನಿಂತು, ಮುಂದಿನ ವಾರ ಇನ್ನೊಂದು ಗಾಡಿ ಬರುತ್ತದೆ, ಸಾರಥಿಯೂ ಬರುತ್ತಾನೆ ಅಂದರು. 

“ಓಡಿಸೋದು ಅವನೂ ಓಡಿಸ್ತಾನೆ. ಡಿಕ್ಕಿ ಯಾರು ನೋಡ್ತಾರೆ?”

ಅವಳಿಗೆ ಬಯಲು ನೆನಪಾಯಿತು, ಕೈಯಲ್ಲಿ ಹಿಡಿದ ನೀರಿನ ಬಾಟಲಿ ನೆನಪಾಯಿತು.

“ಡಿಕ್ಕಿ ಬೇಕಾದ್ರೆ ಕೀ ಕೊಡಿ, ಸರ್,” ಅಂದಳು. “ಇನ್ಮೇಲೆ ಬರೀ ಡಿಕ್ಕಿ ನೋಡಲ್ಲ.”

ಅವರು ಎರಡು ಮೆಟ್ಟಿಲು ಹತ್ತಿದರು. ಬೆನ್ನು ಕಾಣುತ್ತಿದ್ದ ಹಾಗೆಯೇ, “ಆ ಹಾಸಿಗೆ ಎತ್ತಿ ಇಳಿಸೋಕೆ ಸಾರಥಿಗೆ ಆಗುತ್ತಾ, ಸೊಂಟ ಇಟ್ಕೊಂಡು?” ಎಂದು ಗೊಣಗಿದರು. ಅದು ಕೀ ಕೊಡುವ ಒಪ್ಪಿಗೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಂಗಳದಲ್ಲೇ ನಿಂತು ಮನೆಗೆ ಸಂದೇಶ ಕಳಿಸಿದಳು: ‘ಡಿಕ್ಕಿ ಆಯ್ತು.’ ಅರೆಗಳಿಗೆಯಲ್ಲಿ ಫೋನ್ ಬಂತು.

“ಕೈಗೆ ಏನೂ ಆಗಿಲ್ಲ ತಾನೆ?” ಅಂದ ಗಂಡ.

ಯಾರ ಕೈಗೂ ಏನೂ ಆಗಿಲ್ಲ ಅಂದಳು. ಅವನು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ, ಗಾಡಿಯವರು ಏನಂದ್ರು, ಬಾಗಿಲು ಯಾವಾಗ ಸರಿ ಮಾಡ್ತಾರಂತೆ, ಬುಕಿಂಗ್ ಮಾಡೋದಾ ಬೇಡವಾ ಎಂದೂ ಕೇಳಿದ. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ. ಆದರೆ ಅದನ್ನು ಎರಡನೆಯದಾಗಿ ಕೇಳಿದ.